ಓದುಗರ ಪ್ರಶ್ನೆ – ಉತ್ತರ: ಸಹಾಯಕ ನಾಯಿಗೆ ಪ್ರಮಾಣಪತ್ರ ಕೊಡುವವರು ಯಾರು?

ಅಂಗವಿಕಲರಿಗೆ ನೆರವಾಗುವ ನಾಯಿಗಳ ಬಗ್ಗೆ ಗಡಿನಾಡು ಕಾಸರಗೋಡಿನ ಓದುಗರು ಬರೆದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಬರೆದವರ ಹೆಸರನ್ನು ಬಿಟ್ಟು ಊರನ್ನು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ಕಣ್ಣಿನ ನರದ ಕಾಯಿಲೆಯಿಂದ ನನ್ನ ತಮ್ಮ ಪೂರ್ತಿ ದೃಷ್ಟಿ ಕಳೆದುಕೊಂಡಿದ್ದಾನೆ. ವಿದೇಶದಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಒಂದು ಮಾರ್ಗದರ್ಶಿ ನಾಯಿಯ ವ್ಯವಸ್ಥೆ ಮಾಡಿಕೊಡುತ್ತೇನೆಂದು ಹೇಳುತ್ತಿದ್ದಾನೆ. ಆದರೆ ಸರ್ಕಾರದ ಪ್ರಮಾಣಪತ್ರ ಇಲ್ಲದಿದ್ದರೆ ಅದನ್ನು ಬಸ್ಸಿಗಾಗಲಿ ಆಸ್ಪತ್ರೆಗಾಗಲಿ ಬಿಡುವುದಿಲ್ಲವೆಂದು ಊರಿನವರು ಹೆದರಿಸುತ್ತಾರೆ. ಪಂಚಾಯತು ಕಚೇರಿಯಲ್ಲಿ ವಿಚಾರಿಸಿದರೆ ನಾಯಿ ಸಾಕುವ ಲೈಸೆನ್ಸಿನ ವಿಷಯ ಮಾತ್ರ ಹೇಳಿದರು. ಈ ಪ್ರಮಾಣಪತ್ರ ಕೊಡುವ ಕಚೇರಿ ಯಾವುದು? (ಬದಿಯಡ್ಕ)

ಉತ್ತರ: ಅಂಥ ಕಚೇರಿ ವಿದ್ಯಾನಗರದ ಸಿವಿಲ್ ಸ್ಟೇಷನ್ನಿನಲ್ಲಿಯೂ ಇಲ್ಲ, ತಿರುವನಂತಪುರದಲ್ಲಿಯೂ ಇಲ್ಲ, ದೆಹಲಿಯಲ್ಲಿಯೂ ಇಲ್ಲ. ಸಹಾಯಕ ನಾಯಿ ಎಂದರೆ ಯಾವುದು, ಅದಕ್ಕೆ ಎಂಥ ತರಬೇತಿ ಆಗಿರಬೇಕು, ಆ ತರಬೇತಿಯನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವವರು ಯಾರು ಎಂಬುದನ್ನು ಹೇಳುವ ಕಾನೂನು ನಮ್ಮ ದೇಶದಲ್ಲಿ ಆಗಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿದೆಯಾದರೂ ಸಹಾಯಕ ಪ್ರಾಣಿಯ ವಿಷಯವನ್ನು ಎತ್ತಿಲ್ಲ. ಆದುದರಿಂದ ಬಾಗಿಲಲ್ಲಿ ನಿಂತು ಸರ್ಕಾರದ ಪ್ರಮಾಣಪತ್ರ ತೋರಿಸಿ ಎನ್ನುವವರು ಯಾರೂ ಕೊಡದ ಕಾಗದವೊಂದನ್ನು ಕೇಳುತ್ತಿದ್ದಾರೆ ಎಂಬುದನ್ನು ನಿಮ್ಮ ತಮ್ಮ ಮೊದಲು ತಿಳಿದಿರಬೇಕು.

ಕಾಗದ ಇಲ್ಲ ಎಂಬುದರಿಂದ ಹಕ್ಕೂ ಇಲ್ಲವೆಂದು ಆಗುವುದಿಲ್ಲ. ಇದೇ ಕಾಯ್ದೆಯ 3ನೆಯ ಕಲಮು ಅಂಗವೈಕಲ್ಯದ ಕಾರಣಕ್ಕೆ ಯಾರಿಗೂ ತಾರತಮ್ಯ ಮಾಡಬಾರದೆಂದು ವಿಧಿಸುತ್ತದೆ. ತಾರತಮ್ಯವೆಂದರೇನು ಎಂದು ಕಾಯ್ದೆಯು ವಿವರಿಸುವಾಗ, ಆ ವ್ಯಕ್ತಿಗೆ ಅಗತ್ಯವಾದ ಸೂಕ್ತ ಹೊಂದಾಣಿಕೆಯನ್ನು ನಿರಾಕರಿಸುವುದೂ ಅದರೊಳಗೆ ಸೇರುತ್ತದೆಂದು ಸ್ಪಷ್ಟವಾಗಿ ಹೇಳುತ್ತದೆ. ಭಾರತವು 2007ರ ಅಕ್ಟೋಬರ್ 1ರಂದು ಅನುಮೋದಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 20ನೆಯ ವಿಧಿ, ಓಡಾಟಕ್ಕೆ ಬೇಕಾದ ಸಾಧನಗಳ ಜೊತೆಗೆ ಜೀವಂತ ನೆರವನ್ನೂ ಒದಗಿಸಬೇಕೆನ್ನುತ್ತದೆ. ಕಣ್ಣಿಲ್ಲದವರ ಕೈಯ ಬಿಳಿಕೋಲನ್ನು ಹೊರಗಿಟ್ಟು ಬನ್ನಿ ಎಂದು ಯಾರೂ ಹೇಳುವುದಿಲ್ಲ. ತರಬೇತಿ ಪಡೆದ ನಾಯಿಯೂ ಅದೇ ಕೆಲಸಕ್ಕೆ ಬಂದಿರುವುದರಿಂದ ಅದನ್ನು ಮಾತ್ರ ಹೊರಗಿಡಬೇಕೆನ್ನುವುದು ಸರಿಯಲ್ಲ ಎಂದು ಈ ಕಲಮುಗಳ ಆಧಾರದಲ್ಲಿ ವಾದಿಸಲು ಅವಕಾಶವಿದೆ.

ನಿಮ್ಮ ತಮ್ಮನ ಬಳಿ ಇರಬೇಕಾದ ಕಾಗದಗಳು ಬೇರೆಯೇ ಇವೆ. ಮೊದಲನೆಯದು ಅಂಗವೈಕಲ್ಯದ ಪ್ರಮಾಣಪತ್ರ ಮತ್ತು ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಕಾರ್ಡು. ಇದು ನಾಯಿಗೆ ಸಂಬಂಧಿಸಿದ್ದಲ್ಲ, ವ್ಯಕ್ತಿಗೆ ಸಂಬಂಧಿಸಿದ್ದು. ಎರಡನೆಯದು ಪಂಚಾಯತಿನವರು ಹೇಳಿದ ಲೈಸೆನ್ಸು: ಕೇರಳದಲ್ಲಿ 1998ರ ಹಂದಿ ಮತ್ತು ನಾಯಿಗಳ ಲೈಸೆನ್ಸ್ ನಿಯಮಗಳ ಪ್ರಕಾರ ಯಾವ ನಾಯಿಯನ್ನು ಸಾಕುವುದಿದ್ದರೂ ಇದು ಬೇಕು, ಮತ್ತು ಅದಕ್ಕೆ ರೇಬೀಸ್ ಚುಚ್ಚುಮದ್ದು ಹಾಕಿಸಿರಬೇಕು. ಜೊತೆಗೆ ಇಲಿಜ್ವರದ ಲಸಿಕೆಯನ್ನೂ ಮೃಗಾಸ್ಪತ್ರೆಯಲ್ಲಿ ತಪ್ಪದೆ ಹಾಕಿಸಿ, ಏಕೆಂದರೆ ನಮ್ಮ ಮಳೆಗಾಲದ ಕೆಸರುನೀರಿನಲ್ಲಿ ಆ ರೋಗ ನಾಯಿಗೂ ಬರುತ್ತದೆ, ನಾಯಿಯಿಂದ ಮನುಷ್ಯರಿಗೂ ಬರಬಹುದು. ಕೊನೆಯದಾಗಿ, ತರಬೇತಿ ಕೊಟ್ಟ ಶಾಲೆಯ ಪತ್ರ. ಆ ಶಾಲೆ ಅಂತರರಾಷ್ಟ್ರೀಯ ಮಾರ್ಗದರ್ಶಿ ನಾಯಿ ಒಕ್ಕೂಟದ ಸದಸ್ಯನಾಗಿದ್ದರೆ ಅದರ ಪತ್ರಕ್ಕೆ ಎಲ್ಲೆಡೆಯೂ ಬೆಲೆ ಹೆಚ್ಚು. ವಿಮಾನ ಕಂಪನಿಗಳಂತೂ ತಮ್ಮ ಷರತ್ತುಗಳ ಪ್ರಕಾರ ಲಸಿಕೆಯ ದಾಖಲೆ ಮತ್ತು ತರಬೇತಿಯ ಪುರಾವೆ ಎರಡನ್ನೂ ಕೇಳುತ್ತವೆ. ವಿದೇಶದಿಂದ ನಾಯಿಯನ್ನು ತರುವುದಾದರೆ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ವಿಭಾಗದ ಅನುಮತಿಯನ್ನು ಮುಂಚಿತವಾಗಿಯೇ ಪಡೆಯಬೇಕಾಗುತ್ತದೆ.

ನೀವು ಕೇಳದಿದ್ದರೂ ಇನ್ನೊಂದು ಮಾತನ್ನು ಹೇಳಲೇಬೇಕು. ಮಾರ್ಗದರ್ಶಿ ನಾಯಿಗೆ ಬದಿಯಡ್ಕದಿಂದ ಕುಂಬಳೆಗೆ ಹೋಗುವ ದಾರಿ ಗೊತ್ತಿರುವುದಿಲ್ಲ. ದಾರಿ ಗೊತ್ತಿರಬೇಕಾದದ್ದು ನಿಮ್ಮ ತಮ್ಮನಿಗೆ. ನಾಯಿ ಹೊಂಡ, ಕಂಬ, ಮೆಟ್ಟಿಲು, ವಾಹನಗಳಿಂದ ಅವನನ್ನು ತಪ್ಪಿಸುತ್ತದೆ, ಮತ್ತು ಅವನು ಮುಂದೆ ನಡೆ ಎಂದರೂ ಎದುರಿನಿಂದ ಬಸ್ಸು ಬರುತ್ತಿದ್ದರೆ ಆ ಅಪ್ಪಣೆಯನ್ನು ಮೀರಿ ನಿಂತುಬಿಡುತ್ತದೆ. ಹೀಗೆ ವಿವೇಕದಿಂದ ಅವಿಧೇಯವಾಗುವುದನ್ನು ಕಲಿಸುವುದೇ ಈ ತರಬೇತಿಯ ಕಷ್ಟದ ಭಾಗ. ಮರಿಯನ್ನು ಒಂದು ವರ್ಷಕ್ಕೂ ಮೇಲ್ಪಟ್ಟು ಮನೆಯೊಂದರಲ್ಲಿ ಜನರ ನಡುವೆ ಬೆಳೆಸಿ, ಅನಂತರ ತಿಂಗಳುಗಟ್ಟಲೆ ಶಾಲೆಯಲ್ಲಿ ಪಳಗಿಸಿ, ಕೊನೆಗೆ ಅದನ್ನು ಪಡೆಯುವವರನ್ನೂ ಕೆಲವು ವಾರ ಜೊತೆಗಿರಿಸಿ ಇಬ್ಬರಿಗೂ ಒಟ್ಟಿಗೆ ಕಲಿಸುತ್ತಾರೆ. ಬಿಳಿಕೋಲು ಹಿಡಿದು ಒಬ್ಬರೇ ನಡೆಯಲು ಬಾರದವರಿಗೆ ಒಳ್ಳೆಯ ಶಾಲೆಗಳು ಸಾಮಾನ್ಯವಾಗಿ ನಾಯಿಯನ್ನು ಕೊಡುವುದೇ ಇಲ್ಲ. ಆದ್ದರಿಂದ ಮೊದಲು ಆ ಕಲಿಕೆ ನಡೆಯಲಿ. ವಿದ್ಯಾನಗರದ ಸರ್ಕಾರಿ ಅಂಧರ ಶಾಲೆಯಲ್ಲಿ ವಿಚಾರಿಸಿದರೆ ಅದನ್ನು ಯಾರಿಂದ ಕಲಿಯಬಹುದೆಂಬ ಮಾಹಿತಿ ಸಿಗಬಹುದು. ಕಾಲುದಾರಿಯೇ ಇಲ್ಲದ ನಮ್ಮ ರಸ್ತೆಗಳಲ್ಲಿ, ಪ್ರತಿ ಪೇಟೆಯಲ್ಲಿಯೂ ಬೀದಿನಾಯಿಗಳ ಹಿಂಡು ಇರುವಾಗ, ಪಳಗಿದ ನಾಯಿಯೂ ಗಾಬರಿಗೊಳ್ಳುತ್ತದೆ. ಬೀದಿನಾಯಿಗಳು ಒಮ್ಮೆ ಮೇಲೆರಗಿದರೆ ಅದು ಮತ್ತೆ ಕೆಲಸಕ್ಕೆ ಒದಗದೆ ಹೋಗಬಹುದು. ನಿಮ್ಮ ಚಿಕ್ಕಪ್ಪನ ಮಗನ ಪ್ರೀತಿ ದೊಡ್ಡದು. ಆದರೆ ಅವನಿರುವ ಊರಿನ ರಸ್ತೆ ಬೇರೆ, ನಮ್ಮ ರಸ್ತೆ ಬೇರೆ ಎಂಬುದನ್ನು ಅವನಿಗೂ ತಿಳಿಸಿ ನಿರ್ಧರಿಸಿ.

ಪ್ರಶ್ನೆ: ಹೆದ್ದಾರಿ ಬದಿಯಲ್ಲಿ ನನ್ನದೊಂದು ಹೋಟೆಲಿದೆ. ಕಣ್ಣು ಕಾಣದ ಪ್ರವಾಸಿಯೊಬ್ಬರು ನಾಯಿಯೊಂದಿಗೆ ಬಂದಾಗ ಬೇರೆ ಗಿರಾಕಿಗಳು ಆಕ್ಷೇಪಿಸಿದರು. ಒಳಗೆ ಬಿಟ್ಟರೆ ಆಹಾರ ಇಲಾಖೆಯವರ ಭಯ, ಬಿಡದಿದ್ದರೆ ಮನಸ್ಸಿಗೆ ಹಿಂಸೆ. ಅದು ನಿಜವಾದ ಸಹಾಯಕ ನಾಯಿಯೇ ಎಂದು ನಾವು ತಿಳಿಯುವುದು ಹೇಗೆ? (ಉಪ್ಪಳ)

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ. ಆಹಾರ ಸುರಕ್ಷತೆಯ ಪರವಾನಗಿ ಕುರಿತ 2011ರ ನಿಯಮಾವಳಿಯ ನಾಲ್ಕನೆಯ ಅನುಸೂಚಿಯು ಪ್ರಾಣಿಗಳನ್ನೂ ಸಾಕುಪ್ರಾಣಿಗಳನ್ನೂ ಆಹಾರದ ಸ್ಥಳದೊಳಗೆ ಬಿಡಬಾರದೆನ್ನುತ್ತದೆ, ಮತ್ತು ಸಹಾಯಕ ನಾಯಿಗೆ ಅದರಲ್ಲಿ ವಿನಾಯಿತಿಯ ಮಾತಿಲ್ಲ. ಇನ್ನೊಂದು ಕಡೆ ಅಂಗವಿಕಲರ ಕಾಯ್ದೆಯು ಸಂಸತ್ತು ಮಾಡಿದ ಕಾನೂನು. ತಾರತಮ್ಯದಂತೆ ಕಾಣುವ ಕ್ರಮವು ಸಕಾರಣವಾದ ಉದ್ದೇಶಕ್ಕೆ ಬೇಕಾದಷ್ಟೇ ಪ್ರಮಾಣದಲ್ಲಿದೆ ಎಂದು ತೋರಿಸಿದರೆ ಮಾತ್ರ ಅದನ್ನು ಒಪ್ಪುತ್ತದೆ. ಅಡುಗೆಮನೆಗೆ ನಾಯಿ ಬರಬಾರದೆನ್ನುವುದು ಆ ಪ್ರಮಾಣಕ್ಕೆ ಒಳಪಡುತ್ತದೆ. ಮೇಜಿನ ಕೆಳಗೆ ಸುಮ್ಮನೆ ಮಲಗಿರುವ ನಾಯಿಗಾಗಿ ಅದರ ಯಜಮಾನರನ್ನೇ ಬಿಸಿಲಿನಲ್ಲಿ ನಿಲ್ಲಿಸುವುದು ಒಳಪಡುವುದಿಲ್ಲವೆಂದು ನಾನು ತಿಳಿಯುತ್ತೇನೆ. ಆಹಾರ ಸುರಕ್ಷತಾ ಪ್ರಾಧಿಕಾರವು ಒಂದೇ ಒಂದು ಸಾಲಿನ ವಿನಾಯಿತಿಯನ್ನು ಸೇರಿಸಿದರೆ ನಿಮ್ಮಂಥ ಸಾವಿರಾರು ಹೋಟೆಲಿನವರ ಸಂಕಟ ತೀರುತ್ತದೆ, ಮತ್ತು ನಿಮ್ಮ ಸಂಘದ ಮೂಲಕ ಇದನ್ನು ಬರೆದು ಕೇಳಲು ನಿಮಗೆ ಸಕಾರಣವಿದೆ.

ನಿಜವೇ ಎಂದು ತಿಳಿಯುವ ಬಗೆಗೆ ಅಮೆರಿಕದ ಪದ್ಧತಿ ಒಳ್ಳೆಯ ಮಾದರಿ. ಅಲ್ಲಿ 1990ರ ಅಂಗವಿಕಲರ ಕಾಯ್ದೆಯಡಿ, 2011ರ ಮಾರ್ಚ್ 15ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ, ಅಂಗಡಿಯವರು ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕಾಗಿದೆಯೇ, ಮತ್ತು ಇದಕ್ಕೆ ಯಾವ ಕೆಲಸವನ್ನು ಕಲಿಸಲಾಗಿದೆ. ಕಾಯಿಲೆ ಏನೆಂದು ಕೇಳುವಂತಿಲ್ಲ, ಕಾಗದ ಕೇಳುವಂತಿಲ್ಲ, ಆ ಕೆಲಸವನ್ನು ಮಾಡಿಸಿ ತೋರಿಸಿ ಎನ್ನುವಂತಿಲ್ಲ. ಆದರೆ ನಾಯಿ ಹತೋಟಿ ಮೀರಿ ಬೊಗಳಿದರೆ, ಜನರ ಮೇಲೆ ಎಗರಿದರೆ ಅಥವಾ ಒಳಗೆ ಗಲೀಜು ಮಾಡಿದರೆ ಅದನ್ನು ಹೊರಗೆ ಕರೆದೊಯ್ಯುವಂತೆ ಹೇಳುವ ಅಧಿಕಾರ ಅಂಗಡಿಯವರಿಗಿದೆ. ಆಗಲೂ ನಾಯಿಯಿಲ್ಲದೆ ಸೇವೆ ಪಡೆಯುವ ಅವಕಾಶವನ್ನು ಆ ವ್ಯಕ್ತಿಗೆ ಕೊಡಬೇಕು. ಬೇರೆ ಗಿರಾಕಿಗೆ ನಾಯಿಯ ಭಯ ಅಥವಾ ಅಲರ್ಜಿ ಇದ್ದರೆ ಇಬ್ಬರನ್ನೂ ದೂರ ದೂರ ಕೂರಿಸಬೇಕೇ ಹೊರತು ಒಬ್ಬರನ್ನು ಕಳುಹಿಸಬಾರದು. ಇದು ನಮ್ಮ ಕಾನೂನಲ್ಲದಿದ್ದರೂ ಉಪ್ಪಳದ ಹೋಟೆಲಿನಲ್ಲಿ ಪಾಲಿಸಲು ಅಡ್ಡಿಯೇನಿಲ್ಲ. ಕೆಲಸಗಾರರಿಗೆ ಒಂದು ಸೂಚನೆ ಕೊಟ್ಟಿರಿ: ಕೆಲಸದಲ್ಲಿರುವ ನಾಯಿಗೆ ತಿನ್ನಲು ಹಾಕಬಾರದು, ಮುಟ್ಟಬಾರದು, ಶಿಳ್ಳೆ ಹೊಡೆದು ಕರೆಯಬಾರದು.

ಪ್ರಶ್ನೆ: ನನ್ನ ಮಗಳಿಗೆ ಬುದ್ಧಿಬೆಳವಣಿಗೆಯ ತೊಂದರೆಯ ಜೊತೆಗೆ ಅಪಸ್ಮಾರವೂ ಇದೆ. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿದೆ. ಮನೆಯ ನಾಯಿ ಹತ್ತಿರವಿದ್ದರೆ ಅವಳು ಶಾಂತವಾಗಿರುತ್ತಾಳೆ. ಹಣ ಕಟ್ಟಿದರೆ ನಾಯಿಯನ್ನು 'ಭಾವನಾತ್ಮಕ ಆಸರೆಯ ಪ್ರಾಣಿ' ಎಂದು ನೋಂದಾಯಿಸಿ, ಕಾರ್ಡು ಮತ್ತು ಕವಚ ಕಳುಹಿಸುವ ಜಾಹೀರಾತನ್ನು ಇಂಟರ್ನೆಟ್ಟಿನಲ್ಲಿ ನೋಡಿದೆವು. ಕಟ್ಟಬಹುದೆ? (ಎಣ್ಮಕಜೆ)

ಉತ್ತರ: ದಯವಿಟ್ಟು ಒಂದು ರೂಪಾಯಿಯನ್ನೂ ಕಟ್ಟಬೇಡಿ, ತಾಯಿ. ಇಂಥ ನೋಂದಣಿಗೆ ನಮ್ಮಲ್ಲಿ ಬೆಲೆಯಿಲ್ಲ. ಈ ವ್ಯಾಪಾರ ಹುಟ್ಟಿ ಬೆಳೆದ ಅಮೆರಿಕದಲ್ಲಿಯೇ ಅಲ್ಲಿನ ನ್ಯಾಯ ಇಲಾಖೆಯು ಇಂಥ ಪತ್ರಗಳನ್ನು ಪುರಾವೆಯೆಂದು ಒಪ್ಪುವುದಿಲ್ಲ ಎಂದು ಹೇಳಿದೆ. ಅಲ್ಲಿ ಸುಳ್ಳು ಕಾರ್ಡುಗಳನ್ನು ತೋರಿಸಿ ಮನೆಯ ಸಾಕುಪ್ರಾಣಿಗಳನ್ನೆಲ್ಲ ವಿಮಾನಕ್ಕೆ ಹತ್ತಿಸುವುದು ಹೆಚ್ಚಿದ್ದರಿಂದ, 2021ರ ಜನವರಿ 11ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಭಾವನಾತ್ಮಕ ಆಸರೆಯ ಪ್ರಾಣಿಗಳನ್ನು ಸಹಾಯಕ ಪ್ರಾಣಿಗಳೆಂದು ವಿಮಾನ ಕಂಪನಿಗಳು ಒಪ್ಪಬೇಕಾಗಿಲ್ಲ. ಸುಳ್ಳು ಮಾಡಿದವರು ಉಳ್ಳವರು. ಅದರಿಂದ ಅನುಮಾನದ ಕಣ್ಣಿಗೆ ಬಿದ್ದವರು ನಿಜವಾಗಿ ಅಗತ್ಯವಿದ್ದ ಅಂಗವಿಕಲರು.

ನಿಮ್ಮ ಮನೆಯ ನಾಯಿ ಮಗಳಿಗೆ ಸಮಾಧಾನ ಕೊಡುವುದಕ್ಕೆ ಯಾರ ಕಾರ್ಡೂ ಬೇಕಾಗಿಲ್ಲ. ಪಂಚಾಯತಿನ ಲೈಸೆನ್ಸು, ಕಾಲಕಾಲಕ್ಕೆ ಲಸಿಕೆ, ಇಷ್ಟೇ ಸಾಕು. ಜೊತೆಗಿರುವುದರಿಂದಲೇ ನೆಮ್ಮದಿ ಕೊಡುವ ನಾಯಿಗೂ, ನಿರ್ದಿಷ್ಟ ಕೆಲಸ ಕಲಿತ ಸಹಾಯಕ ನಾಯಿಗೂ ವ್ಯತ್ಯಾಸವಿರುವುದು ನಿಜ. ಅಪಸ್ಮಾರದವರಿಗಾಗಿ ತರಬೇತಾದ ನಾಯಿಗಳು, ಸೆಳೆತ ಬಂದಾಗ ಬೊಗಳಿ ಮನೆಯವರನ್ನು ಕರೆಯುವುದನ್ನು, ಬಿದ್ದವರ ಪಕ್ಕದಲ್ಲಿ ಮಲಗಿ ಕಾಯುವುದನ್ನು ಕಲಿತಿರುತ್ತವೆ. ಸೆಳೆತ ಬರುವ ಮುನ್ನವೇ ತಿಳಿಸುವ ನಾಯಿಯನ್ನು ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೆಲವು ನಾಯಿಗಳು ಹಾಗೆ ಮುನ್ಸೂಚನೆ ಕೊಡುತ್ತವೆಯಾದರೂ ಅದು ಖಾತರಿಯಾಗಿ ಕಲಿಸಬಹುದಾದ ವಿದ್ಯೆಯಲ್ಲ. ಮಾತ್ರೆಯನ್ನಂತೂ ಯಾವ ಕಾರಣಕ್ಕೂ ತಪ್ಪಿಸಬಾರದು.

ಎಣ್ಮಕಜೆಯಿಂದ ಬಂದ ಪತ್ರವಾದ್ದರಿಂದ ಪ್ರಮಾಣಪತ್ರಗಳ ಬಗೆಗೆ ಒಂದು ಮಾತು. 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಈ ಪ್ರದೇಶದಲ್ಲಿ, ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆದೇಶಿಸಿದ ಬಳಿಕವೂ, ಮಕ್ಕಳನ್ನು ಹೊತ್ತುಕೊಂಡು ವೈದ್ಯಕೀಯ ಶಿಬಿರಗಳ ಸಾಲಿನಲ್ಲಿ ನಿಂತ ತಾಯಂದಿರು, ಪಟ್ಟಿಗೆ ಹೆಸರು ಸೇರಿಸಿ ಎಂದು ತಿರುವನಂತಪುರದ ಸೆಕ್ರೆಟರಿಯೇಟಿನ ಮುಂದೆ ಕೂರಬೇಕಾಯಿತು. ಕಣ್ಣೆದುರಿಗಿರುವ ಅಂಗವೈಕಲ್ಯವನ್ನು ಮತ್ತೆ ಮತ್ತೆ ಕಾಗದದಲ್ಲಿ ಸಾಬೀತುಪಡಿಸಬೇಕಾದ ನೋವು ಏನೆಂದು ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಹಾಯಕ ನಾಯಿಗಳಿಗೆ ನಾಳೆ ಕಾನೂನು ಬಂದರೆ ಅದು ಇಂಥದೇ ಇನ್ನೊಂದು ಸಾಲನ್ನು ಹುಟ್ಟಿಸಬಾರದು.

ಪ್ರಶ್ನೆ: ನಾನು ಆಟೋ ಓಡಿಸುವವನು. ನಾಯಿಯ ಜೊಲ್ಲು ತಾಗಿದರೆ ನಮ್ಮ ಧರ್ಮದ ಪ್ರಕಾರ ಶುದ್ಧಿ ಮಾಡಿಕೊಳ್ಳಬೇಕು. ಕಣ್ಣು ಕಾಣದವರು ನಾಯಿಯೊಂದಿಗೆ ಬಂದರೆ ಹತ್ತಿಸಲೇಬೇಕೆ? (ಮೊಗ್ರಾಲ್)

ಉತ್ತರ: ಸಂಕೋಚವಿಲ್ಲದೆ ಕೇಳಿದ್ದೀರಿ, ಅದಕ್ಕೆ ಕೃತಜ್ಞತೆ. ಇಂಥದೇ ಪ್ರಶ್ನೆ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಇನ್ನೂ ಕಠಿಣವಾದ ರೂಪದಲ್ಲಿ ಬಂದಿತ್ತು: ಕಣ್ಣು ಕಾಣದ ಮುಸ್ಲಿಂ ಯುವಕನೊಬ್ಬ ಮಸೀದಿಗೆ ಮಾರ್ಗದರ್ಶಿ ನಾಯಿಯನ್ನು ಕರೆತರಬಹುದೇ ಎಂಬುದು. 2008ರಲ್ಲಿ ಅಲ್ಲಿನ ಧಾರ್ಮಿಕ ವಿದ್ವಾಂಸರ ಮಂಡಳಿಯು ಒಪ್ಪಿಗೆಯ ಫತ್ವಾ ಕೊಟ್ಟಿತು, ಮತ್ತು ಪ್ರಾರ್ಥನೆಯ ಸಭಾಂಗಣದೊಳಗೆ ಹೋಗದೆ ನಾಯಿ ಪ್ರವೇಶದ್ವಾರದ ಬಳಿ ವಿಶ್ರಮಿಸಲು ಜಾಗ ಮಾಡಿಕೊಟ್ಟರು. ಬ್ರಿಟನ್ನಿನ 2010ರ ಸಮಾನತೆಯ ಕಾಯ್ದೆಯ ಪ್ರಕಾರ ಟ್ಯಾಕ್ಸಿಯವರು ಸಹಾಯಕ ನಾಯಿಯನ್ನು ಹೆಚ್ಚಿನ ಬಾಡಿಗೆಯಿಲ್ಲದೆ ಒಯ್ಯಬೇಕು. ವೈದ್ಯಕೀಯ ಕಾರಣವಿದ್ದು ವಿನಾಯಿತಿ ಪತ್ರ ಪಡೆದವರಿಗೆ ಮಾತ್ರ ರಿಯಾಯಿತಿ. ನಮ್ಮಲ್ಲಿ ಇಷ್ಟು ಬಿಡಿಸಿ ಹೇಳಿದ ನಿಯಮವಿಲ್ಲದಿದ್ದರೂ ತಾರತಮ್ಯದ ನಿಷೇಧ ಸಾರ್ವಜನಿಕ ಸೇವೆ ಕೊಡುವವರಿಗೂ ಅನ್ವಯಿಸುತ್ತದೆ. ನಾಯಿ ಪ್ರಯಾಣಿಕರ ಕಾಲ ಬಳಿ ನೆಲದ ಮೇಲೆ ಕುಳಿತಿರುತ್ತದೆ, ನಿಮ್ಮನ್ನು ಮುಟ್ಟುವುದಿಲ್ಲ. ಒಂದು ಹಳೆಯ ಚಾಪೆಯನ್ನು ಆಟೋದಲ್ಲಿ ಇರಿಸಿಕೊಂಡರೆ ನಿಮ್ಮ ಆಚರಣೆಗೂ ಅವರ ಪ್ರಯಾಣಕ್ಕೂ ತೊಂದರೆಯಾಗದು.

ಪ್ರಶ್ನೆ: ರೈಲಿನಲ್ಲಿ? (ಮಂಜೇಶ್ವರ)

ಉತ್ತರ: ರೈಲ್ವೆಯ ಸಾಮಾನ್ಯ ನಿಯಮದಂತೆ ಮೊದಲ ದರ್ಜೆಯಲ್ಲಿ ಪ್ರತ್ಯೇಕ ಕೋಣೆಯನ್ನು (ಕೂಪೆ) ಪೂರ್ತಿಯಾಗಿ ಕಾದಿರಿಸಿದವರು ನಾಯಿಯನ್ನು ಜೊತೆಗಿಟ್ಟುಕೊಳ್ಳಬಹುದು, ಉಳಿದಂತೆ ಅದು ಬ್ರೇಕ್‌ವ್ಯಾನಿನ ಪೆಟ್ಟಿಗೆಯಲ್ಲಿ ಹೋಗಬೇಕು. ಕಣ್ಣಿಲ್ಲದವರ ಜೊತೆಗಾರನನ್ನು ಗಾಡಿಯ ಇನ್ನೊಂದು ತುದಿಗೆ ಕಟ್ಟಿಹಾಕುವ ವ್ಯವಸ್ಥೆಯಿಂದ ಅವರಿಗೆ ಏನೂ ಉಪಯೋಗವಿಲ್ಲ. ಪ್ರಯಾಣಕ್ಕೆ ಮೊದಲೇ ವಿಭಾಗೀಯ ಕಚೇರಿಗೆ ಲಿಖಿತವಾಗಿ ಬರೆದು ಅನುಮತಿ ಕೇಳುವುದು ಒಳ್ಳೆಯದು.

ಪ್ರಶ್ನೆ: ಬೇರೆ ದೇಶಗಳಲ್ಲಿ ಸರ್ಕಾರವೇ ಪ್ರಮಾಣಪತ್ರ ಕೊಡುತ್ತದೆಯೇ? ನಮ್ಮಲ್ಲಿ ಕಾನೂನು ಮಾಡುವುದಾದರೆ ಹೇಗಿರಬೇಕು? (ಕಾಸರಗೋಡಿನ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಎರಡು ದಾರಿಗಳಿವೆ. ಅಮೆರಿಕದಲ್ಲಿ ಪ್ರಮಾಣಪತ್ರವೇ ಬೇಡ, ಯಜಮಾನರೇ ಮನೆಯಲ್ಲಿ ತರಬೇತಿ ಕೊಟ್ಟರೂ ಸಾಕು. ಅಲ್ಲಿನ ನಿಯಮ ಸಹಾಯಕ ಪ್ರಾಣಿಯೆಂದು ನಾಯಿಯನ್ನು ಮಾತ್ರ ಹೆಸರಿಸಿ, ಪುಟ್ಟ ತಳಿಯ ಕುದುರೆಗೆ ಪ್ರತ್ಯೇಕವಾದ ಅವಕಾಶ ಮಾಡಿದೆ. ಇನ್ನೊಂದು ದಾರಿ ಪರೀಕ್ಷೆ ಮತ್ತು ಕಾರ್ಡಿನದು. ಜಪಾನಿನ 2002ರ ಕಾಯ್ದೆ ಮಾರ್ಗದರ್ಶಿ ನಾಯಿ, ಕಿವಿ ಕೇಳದವರ ನಾಯಿ, ಕೈಕಾಲಿನ ತೊಂದರೆಯವರ ನಾಯಿ ಎಂದು ಮೂರು ಬಗೆಗಳನ್ನು ಗುರುತಿಸಿ, ನಿಗದಿತ ಸಂಸ್ಥೆಗಳ ಮೂಲಕ ಪ್ರಮಾಣೀಕರಿಸುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ 2009ರ ಕಾಯ್ದೆಯಲ್ಲಿ ನಾಯಿಯು ಸಾರ್ವಜನಿಕ ಸ್ಥಳದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಯಜಮಾನರಿಗೆ ಗುರುತಿನ ಚೀಟಿ ಸಿಗುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ 2016ರ ಜನವರಿಯಿಂದ ಇಂಥದೇ ವ್ಯವಸ್ಥೆ ತಂದಿದೆ. ಜರ್ಮನಿ 2023ರಲ್ಲಿ ಸಹಾಯಕ ನಾಯಿಗಳ ನಿಯಮಾವಳಿಯನ್ನು ಜಾರಿಗೆ ತಂದಿತು. 1916ರಲ್ಲಿ, ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಮಾರ್ಗದರ್ಶಿ ನಾಯಿಗಳ ಮೊದಲ ಶಾಲೆ ಆರಂಭವಾದದ್ದು ಅದೇ ಜರ್ಮನಿಯ ಓಲ್ಡೆನ್‌ಬರ್ಗಿನಲ್ಲಿ.

ನನ್ನ ಅಭಿಪ್ರಾಯದಲ್ಲಿ ನಮಗೆ ಎರಡೂ ಸ್ವಲ್ಪ ಸ್ವಲ್ಪ ಬೇಕು. ಕಾಗದ ತೋರಿಸಿದರೆ ಮಾತ್ರ ನಂಬುವ ಕಾವಲುಗಾರರೂ ಕಂಡಕ್ಟರರೂ ಇರುವ ದೇಶದಲ್ಲಿ ಒಂದು ಕಾರ್ಡು ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಆದರೆ ಅದು ಬೇಕೆಂದವರು ಪಡೆಯುವ ಕಾರ್ಡಾಗಿರಲಿ, ಶುಲ್ಕವಿಲ್ಲದಿರಲಿ, ಯುಡಿಐಡಿಯಂತೆ ತಲಪ್ಪಾಡಿಯ ರಾಜ್ಯಗಡಿಯ ಈಚೆಗೂ ಆಚೆಗೂ ನಡೆಯಲಿ, ಮತ್ತು ಪರೀಕ್ಷೆ ಜಿಲ್ಲೆಯಲ್ಲಿಯೇ ನಡೆಯಲಿ. ಕಾರ್ಡು ಇಲ್ಲವೆಂಬುದು ಮಾತ್ರ ತಡೆಯುವುದಕ್ಕೆ ಕಾರಣವಾಗಬಾರದು. ತಡೆಯಬೇಕಾದರೆ ನಾಯಿಯ ನಡತೆಯನ್ನು ನೋಡಿ ತಡೆಯಬೇಕು. ದುರುಪಯೋಗವಾಗುತ್ತದೆ ಎಂಬ ವಾದ ಬಂದೇ ಬರುತ್ತದೆ. ಪರೀಕ್ಷೆ ಬರೆಯಲು ಸಹಾಯಕನನ್ನು ಕೇಳಿದ ವಿಕಾಸ್ ಕುಮಾರ್ ಅವರ ಪ್ರಕರಣದಲ್ಲಿ ಇಂಥದೇ ವಾದ ಎದ್ದಾಗ, ಯಾರೋ ದುರುಪಯೋಗ ಮಾಡಬಹುದೆಂಬ ಅಂಜಿಕೆಯಿಂದ ಅರ್ಹರಿಗೆ ಸೌಲಭ್ಯ ನಿರಾಕರಿಸುವುದನ್ನು ಸುಪ್ರೀಂ ಕೋರ್ಟು 2021ರ ಫೆಬ್ರವರಿಯ ತೀರ್ಪಿನಲ್ಲಿ ಒಪ್ಪಲಿಲ್ಲ. 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಅವರ ಪ್ರಕರಣದಲ್ಲಿ, ಪ್ರವೇಶಸೌಲಭ್ಯದ ಮಾನದಂಡಗಳು ಬರಿಯ ಸಲಹೆಗಳಾಗಿ ಉಳಿಯದೆ ಕಡ್ಡಾಯವಾಗಬೇಕೆಂದೂ ಕೇಂದ್ರವು ಅಂಥ ನಿಯಮಗಳನ್ನು ರೂಪಿಸಬೇಕೆಂದೂ ಅದೇ ನ್ಯಾಯಾಲಯ ಹೇಳಿತು. ಸಹಾಯಕ ನಾಯಿಯ ವಿಷಯಕ್ಕೆ ಸರಿಯಾದ ಸ್ಥಳ ಆ ನಿಯಮಗಳಲ್ಲಿಯೇ ಇದೆ.

ಪ್ರಶ್ನೆ: ನಮ್ಮ ಸಂಬಂಧಿಕರೊಬ್ಬರನ್ನು ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನಾಯಿಯೊಂದಿಗೆ ಹೊರರೋಗಿ ವಿಭಾಗಕ್ಕೂ ಬಿಡಲಿಲ್ಲ. ದೂರು ಎಲ್ಲಿ ಕೊಡಬೇಕು? ಕನ್ನಡದಲ್ಲಿ ಬರೆದರೆ ನಡೆಯುತ್ತದೆಯೇ? (ಕುಂಬಳೆ)

ಉತ್ತರ: ಶಸ್ತ್ರಚಿಕಿತ್ಸೆಯ ಕೋಣೆ, ತೀವ್ರ ನಿಗಾ ಘಟಕಗಳಿಗೆ ನಾಯಿಯನ್ನು ಬಿಡದಿರುವುದು ಬೇರೆ ದೇಶಗಳಲ್ಲಿಯೂ ಸಾಮಾನ್ಯ, ಆದರೆ ಎಲ್ಲರೂ ಓಡಾಡುವ ಹೊರರೋಗಿ ವಿಭಾಗದಲ್ಲಿ ತಡೆದುದಕ್ಕೆ ಆಸ್ಪತ್ರೆಯು ಕಾರಣ ಕೊಡಬೇಕಾಗುತ್ತದೆ. ಮೊದಲು ಆಸ್ಪತ್ರೆಯ ಮುಖ್ಯಸ್ಥರಿಗೆ ಬರೆದು ಲಿಖಿತ ಉತ್ತರ ಕೇಳಿ. ಉತ್ತರ ಬಾರದಿದ್ದರೆ, ಘಟನೆ ಕರ್ನಾಟಕದಲ್ಲಿ ನಡೆದಿರುವುದರಿಂದ, ಬೆಂಗಳೂರಿನಲ್ಲಿರುವ ಆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ಕಾಯ್ದೆಯ 80ನೆಯ ಕಲಮಿನಡಿ ದೂರು ಸಲ್ಲಿಸಿ. ಮನೆ ಕೇರಳದಲ್ಲಿದೆ ಎಂಬುದು ಅದಕ್ಕೆ ಅಡ್ಡಿಯಾಗುವುದಿಲ್ಲ. ಆಯುಕ್ತರು ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಸಿವಿಲ್ ನ್ಯಾಯಾಲಯದ ಅಧಿಕಾರ ಹೊಂದಿದ್ದಾರೆ. ಕಾಯ್ದೆಯನ್ನು ಉಲ್ಲಂಘಿಸಿದವರಿಗೆ 89ನೆಯ ಕಲಮಿನ ಪ್ರಕಾರ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಉಲ್ಲಂಘಿಸಿದರೆ 50,000ದಿಂದ 5 ಲಕ್ಷ ರೂಪಾಯಿವರೆಗೆ ದಂಡವಿದೆ.

ಕರ್ನಾಟಕದ ಆಯುಕ್ತರಿಗೆ ಕನ್ನಡದಲ್ಲಿ ಬರೆಯುವುದರಲ್ಲಿ ಪ್ರಶ್ನೆಯೇ ಇಲ್ಲ. ಘಟನೆ ಕಾಸರಗೋಡಿನಲ್ಲಿ ನಡೆದಿದ್ದರೆ ದೂರು ತಿರುವನಂತಪುರದ ಆಯುಕ್ತರಿಗೆ ಹೋಗಬೇಕು. ಅಲ್ಲಿಗೂ ಕನ್ನಡದಲ್ಲಿ ಬರೆಯಬಹುದು: ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯು ಇಲ್ಲಿನ ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಅವಕಾಶ ಕೊಟ್ಟಿದೆ. ದೂರಿನಲ್ಲಿ ದಿನಾಂಕ, ಹೊತ್ತು, ತಡೆದವರ ಹುದ್ದೆ, ಅವರು ಹೇಳಿದ ಮಾತು ಇವನ್ನು ಇದ್ದಂತೆಯೇ ಬರೆಯಿರಿ. ಯುಡಿಐಡಿ ಕಾರ್ಡು, ಲಸಿಕೆಯ ಪುಸ್ತಕ, ತರಬೇತಿ ಶಾಲೆಯ ಪತ್ರ ಇವುಗಳ ಪ್ರತಿಗಳನ್ನು ಲಗತ್ತಿಸಿ, ನೋಂದಾಯಿತ ಅಂಚೆಯಲ್ಲಿ ಕಳುಹಿಸಿ ರಸೀದಿಯನ್ನು ಜೋಪಾನವಾಗಿಡಿ.